ಎರಡು ಲೀಟರ್ ಎಣ್ಣೆ, ಒಂದು ಪಂಪು

ಗಾಡಿಯ ಎಂಜಿನ್ನಿಗೆ ಎಣ್ಣೆ ಹಾಕುವುದು ಮೇಲಿನಿಂದ. ಬಾನೆಟ್ ಎತ್ತಿ, ಮುಚ್ಚಳ ತಿರುವಿ, ಡಬ್ಬಿಯನ್ನು ಬಗ್ಗಿಸಿದರೆ ಉಳಿದ ಕೆಲಸವನ್ನು ಭೂಮಿಯ ಸೆಳೆತವೇ ನೋಡಿಕೊಳ್ಳುತ್ತದೆ. ಗೇರ್‌ಬಾಕ್ಸಿನ ಕಥೆ ಬೇರೆ. ಅದು ಗಾಡಿಯ ಹೊಟ್ಟೆಯ ಅಡಿಯಲ್ಲಿರುತ್ತದೆ. ಅದಕ್ಕೆ ಎಣ್ಣೆ ಹೋಗುವ ತೂತು ಸಾಮಾನ್ಯವಾಗಿ ನೆತ್ತಿಯ ಮೇಲಿರುವುದಿಲ್ಲ, ಪಕ್ಕೆಯಲ್ಲಿರುತ್ತದೆ. ಕೆಳಗೆ ಮಲಗಿ ನೋಡಿದರೆ ಆ ತೂತಿಗೂ ಮೇಲಿನ ತಗಡಿಗೂ ನಡುವೆ ಗೇಣು ಜಾಗ ಸಿಕ್ಕರೆ ಪುಣ್ಯ. ಡಬ್ಬಿ ಬಗ್ಗುವುದಿಲ್ಲ, ಲಾಳಿಕೆ ನಿಲ್ಲುವುದಿಲ್ಲ. ಎಣ್ಣೆಯನ್ನು ಕೆಳಗಿನಿಂದ ಮೇಲಕ್ಕೆ ಒಯ್ಯಬೇಕು. ಅದಕ್ಕೊಂದು ಪಂಪು ಬೇಕು.

ಯಾವ ಪಂಪು? ಬೈಲಹೊಂಗಲದ ಬಿಡಿಭಾಗಗಳ ಅಂಗಡಿಯಲ್ಲಿ ನಿಂತು ನಾನು ಈ ಪ್ರಶ್ನೆ ಕೇಳಿದಾಗ ಇದೊಂದು ಸಣ್ಣ ಖರೀದಿಯ ಮಾತು ಎಂದುಕೊಂಡಿದ್ದೆ. ಆದರೆ ಪ್ರಶ್ನೆಯನ್ನು ತಿರುವುತ್ತ ಹೋದಂತೆ ಅದರೊಳಗೆ ಮೂರು ಹಳೆಯ ಪ್ರಶ್ನೆಗಳು ಅಡಗಿರುವುದು ಕಂಡಿತು. ಒಂದು ಕೆಲಸಕ್ಕೆ ಎಷ್ಟು ಸಲಕರಣೆ ಸಾಕು? ಇನ್ನೊಬ್ಬರು ಕೂಲಿಗೆ ಮಾಡುವ ಕೆಲಸವನ್ನು ನಾನೇ ಮಾಡಿಕೊಂಡರೆ ನಾನು ಗಳಿಸುವುದೇನು, ಅವರು ಕಳೆದುಕೊಳ್ಳುವುದೇನು? ಕೆಲಸ ಮುಗಿದ ಮೇಲೆ ಉಳಿಯುವ ಹೊಲಸು ಯಾರದು? ಗೇರ್ ಎಣ್ಣೆಯ ಪಂಪನ್ನು ಆರಿಸುವವನು ಈ ಮೂರಕ್ಕೂ ಉತ್ತರ ಕೊಡುತ್ತಾನೆ. ಬಾಯಿಬಿಟ್ಟು ಹೇಳದಿದ್ದರೂ ಅವನ ಕೈ ಹೇಳುತ್ತದೆ.

ಮೊದಲು ಎಣ್ಣೆಯ ಸ್ವಭಾವ ತಿಳಿಯಬೇಕು. ಸಲಕರಣೆಯ ಮಾತು ಅಲ್ಲಿಂದಲೇ ಶುರುವಾಗುತ್ತದೆ. ಗೇರ್ ಎಣ್ಣೆ ದಪ್ಪ. ನಮ್ಮ ಗಾಡಿಗಳಿಗೆ ಸಾಮಾನ್ಯವಾಗಿ ಹಾಕುವ 80ಡಬ್ಲ್ಯೂ-90 ದರ್ಜೆಯ ಎಣ್ಣೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ನಮ್ಮ ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ, ನೀರಿಗಿಂತ ಹೆಚ್ಚುಕಡಿಮೆ ಇನ್ನೂರು ಪಟ್ಟು ನಿಧಾನವಾಗಿ ಹರಿಯುತ್ತದೆ. ಮಾರ್ಗಶಿರದ ಬೆಳಗಿನ ಚಳಿಯಲ್ಲಿ ಇನ್ನೂ ಜಡ. ಹಲ್ಲುಗಾಲಿಗಳ ಹಲ್ಲು ಹಲ್ಲಿನ ಮೇಲೆ ಒತ್ತಿಕೊಂಡು ಜಾರುವಾಗ ನಡುವೆ ಒಂದು ಪದರವಾಗಿ ನಿಲ್ಲುವುದು ಅದರ ಕೆಲಸ; ತೆಳ್ಳಗಿದ್ದರೆ ನಿಲ್ಲಲಾಗದು. ಆ ದಪ್ಪವೇ ಪಂಪಿಗೆ ಶತ್ರು. ಅದರ ಜೊತೆಗೆ ಗಂಧಕದ ಅಂಶವಿರುವ ಸೇರ್ಪಡೆಗಳ ಗಬ್ಬು ವಾಸನೆ ಬೇರೆ. ಅಂಗಿಗೆ ತಾಗಿದರೆ ಎರಡು ಒಗೆತಕ್ಕೂ ಹೋಗುವುದಿಲ್ಲ.

ಕೊಳವೆಯೊಳಗೆ ದ್ರವ ಹೇಗೆ ಹರಿಯುತ್ತದೆ ಎಂಬುದನ್ನು 1840ರ ಸುಮಾರಿಗೆ ಪ್ವಾಸೆಯ್ ಎಂಬ ಫ್ರೆಂಚ್ ವೈದ್ಯ ಅಳೆದು ನೋಡಿದ. ಅವನಿಗೆ ಬೇಕಿದ್ದದ್ದು ನೆತ್ತರ ನಾಳಗಳ ಗುಟ್ಟು. ಅವನಿಗೆ ಸಿಕ್ಕ ನಿಯಮ ನಮ್ಮ ಗ್ಯಾರೇಜಿಗೂ ಬರುತ್ತದೆ. ಕೊಳವೆಯ ಒಳಗಿನ ಅಗಲ ಎರಡು ಪಟ್ಟಾದರೆ ಹರಿವು ಎರಡು ಪಟ್ಟಾಗುವುದಿಲ್ಲ, ಹದಿನಾರು ಪಟ್ಟಾಗುತ್ತದೆ. ಅಗಲ ಅರ್ಧವಾದರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೀಗಾಗಿ ನಾಲ್ಕು ಮಿಲಿಮೀಟರಿನ ಪೈಪು ಕಟ್ಟಿರುವ ಚಂದದ ಪಂಪಿಗಿಂತ ಎಂಟು ಮಿಲಿಮೀಟರಿನ ಪೈಪು ಕಟ್ಟಿದ ಸಾದಾ ಪಂಪು ಮೇಲು. ಅಂಗಡಿಯಲ್ಲಿ ನಮ್ಮ ಕಣ್ಣು ಹೋಗುವುದು ಹಿಡಿಕೆಯ ಮೇಲೆ, ಬಣ್ಣದ ಮೇಲೆ. ನೋಡಬೇಕಾದ್ದು ಪೈಪಿನ ತೂತನ್ನು.

ಎರಡನೆಯ ಮಾತು ಎಳೆಯುವುದರದ್ದು. ಪಂಪು ಎಣ್ಣೆಯನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ಅದು ತನ್ನೊಳಗೆ ಒಂದಿಷ್ಟು ಖಾಲಿ ಜಾಗ ಮಾಡುತ್ತದೆ ಅಷ್ಟೆ. ಎಣ್ಣೆಯನ್ನು ಅದರೊಳಕ್ಕೆ ನೂಕುವುದು ಹೊರಗಿನ ಗಾಳಿಯ ಭಾರ. ಆ ಭಾರಕ್ಕೆ ಮಿತಿಯಿದೆ. ಎಷ್ಟೇ ಬಲವಾದ ಪಂಪಾದರೂ ಬಾವಿಯ ನೀರನ್ನು ಸುಮಾರು ಹತ್ತು ಮೀಟರಿಗಿಂತ ಮೇಲಕ್ಕೆ ಬರೀ ಎಳೆತದಿಂದ ತರಲಾರದು ಎಂಬುದನ್ನು ನಮ್ಮ ತೋಟಗಳಲ್ಲಿ ಪಂಪುಸೆಟ್ಟನ್ನು ಬಾವಿಯೊಳಕ್ಕೆ ಇಳಿಸಿ ಕೂರಿಸಿದ ರೈತರೆಲ್ಲ ಬಲ್ಲರು. ತಳ್ಳುವುದಕ್ಕೆ ಆ ಮಿತಿಯಿಲ್ಲ. ಆದ್ದರಿಂದ ದಪ್ಪ ಎಣ್ಣೆಗೆ ಎಳೆಯುವ ಕಡೆಯ ಪೈಪು ಮೊಳದಷ್ಟು ಗಿಡ್ಡವಾಗಿರಬೇಕು. ತಳ್ಳುವ ಕಡೆಯದು ಬೇಕಾದಷ್ಟು ಉದ್ದವಿರಲಿ.

ಇಷ್ಟು ತಿಳಿದ ಮೇಲೆ ಅಂಗಡಿಯ ಹಲಗೆಯ ಮೇಲಿನ ಸಾಮಾನುಗಳು ತಾವಾಗಿಯೇ ಬೇರೆಬೇರೆಯಾಗುತ್ತವೆ. ಸೀಮೆಎಣ್ಣೆ, ಡೀಸೆಲ್ ತೆಗೆಯಲು ಬಳಸುವ ರಬ್ಬರ್ ಬುರುಡೆಯ ಕೈಪಂಪು ಇಲ್ಲಿ ಸೋಲುತ್ತದೆ. ಡ್ರಿಲ್ ಮಷೀನಿಗೆ ಸಿಕ್ಕಿಸುವ ಪುಟ್ಟ ಪಂಪು ನೀರಿಗಾಗಿ ಮಾಡಿದ್ದು. ದಪ್ಪ ಎಣ್ಣೆಯಲ್ಲಿ ಅದರ ರೆಕ್ಕೆ ತಿರುಗಿಯೂ ಎಣ್ಣೆ ಸರಿಯುವುದಿಲ್ಲ, ಬಿಸಿಯಾಗಿ ಸಾಯುತ್ತದೆ. ಉಳಿಯುವವು ನಾಲ್ಕು. ಅರ್ಧ ಲೀಟರ್ ಹಿಡಿಯುವ ಪಿಚಕಾರಿ. ಡಬ್ಬಿಯ ಬಾಯಿಗೇ ತಿರುವಿ ಕೂರಿಸುವ, ಕೈ ತೊಳೆಯುವ ಸಾಬೂನಿನ ಶೀಶೆಯ ಮೇಲಿರುವಂಥ ಒತ್ತುಪಂಪು. ಬಕೆಟ್ಟಿನ ಮೇಲೆ ಕೂತ, ಹಿಡಿಕೆ ಎತ್ತಿಳಿಸುವ ಗ್ಯಾರೇಜಿನ ಪಂಪು. ಕೊನೆಯದು ಎರಡು ಹಲ್ಲುಗಾಲಿಗಳ ನಡುವೆ ಎಣ್ಣೆಯನ್ನು ಹಿಡಿದು ಮುಂದಕ್ಕೆ ನೂಕುವ ವಿದ್ಯುತ್ ಪಂಪು. ಗೇರಿನ ಎಣ್ಣೆಯನ್ನು ಗೇರೇ ಸಾಗಿಸುವುದು ಚಂದದ ಏರ್ಪಾಟು. ಬೆಲೆಯೂ ಅದಕ್ಕೆ ತಕ್ಕಂತೆ.

ಇವುಗಳ ಜೊತೆಗೆ ಐದನೆಯದೊಂದಿದೆ, ಅದನ್ನು ಯಾರೂ ಮಾರುವುದಿಲ್ಲ. ಕೆಲವು ಗಾಡಿಗಳಲ್ಲಿ ಬಾನೆಟ್ಟಿನ ಒಳಗಿನಿಂದ ಗೇರ್‌ಬಾಕ್ಸಿನ ತೂತಿನವರೆಗೆ ಒಂದು ಉದ್ದ ಪೈಪು ಇಳಿಬಿಡಲು ದಾರಿಯಿರುತ್ತದೆ. ಪೈಪಿನ ಮೇಲ್ತುದಿಗೆ ಲಾಳಿಕೆ ಕಟ್ಟಿ, ಎಣ್ಣೆಯ ಡಬ್ಬಿಯನ್ನು ಬಿಸಿಲಿಗಿಟ್ಟು ತೆಳ್ಳಗೆ ಮಾಡಿ, ಸುರಿದು ಕಾಯುತ್ತ ಕೂತರೆ ಪಂಪಿನ ಹಂಗೇ ಇಲ್ಲ. ಒಂದೆರಡು ತಾಸು ಹಿಡಿಯಬಹುದು. ತಾಳ್ಮೆಯೂ ಒಂದು ಸಲಕರಣೆ ಎಂದು ಲೆಕ್ಕ ಹಾಕಿದರೆ ಅದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಸಣ್ಣ ಗಾಡಿಯ ಗೇರ್‌ಬಾಕ್ಸು ಹಿಡಿಯುವುದು ಎರಡು ಲೀಟರಿನ ಆಸುಪಾಸು. ಎಣ್ಣೆ ಬದಲಿಸುವ ಗಡುವು ಗಾಡಿಯ ಕೈಪಿಡಿಯಲ್ಲಿರುತ್ತದೆ. ಅನೇಕ ಗಾಡಿಗಳಲ್ಲಿ ಅದು ಹತ್ತಾರು ಸಾವಿರ ಕಿಲೋಮೀಟರಿಗೊಮ್ಮೆ. ಬೈಲಹೊಂಗಲದಿಂದ ಧಾರವಾಡಕ್ಕೆ, ಸವದತ್ತಿಗೆ, ವರ್ಷಕ್ಕೊಮ್ಮೆ ಗೋಕಾಕಕ್ಕೆ ಓಡುವ ಮನೆಗಾಡಿಗೆ ಆ ಗಡುವು ಮುಟ್ಟಲು ಎರಡು ಮೂರು ವರ್ಷ ಬೇಕು. ಎರಡು ವರ್ಷಕ್ಕೆ ಎರಡು ಲೀಟರ್! ಪಿಚಕಾರಿಯಲ್ಲಿ ನಾಲ್ಕೈದು ಸಲ ತುಂಬಿ ನೂಕಿದರೆ ಮುಗಿಯಿತು. ಆದರೂ ಅಂಗಡಿಯಲ್ಲಿ ನಿಂತಾಗ ಕೈ ಹೋಗುವುದು ವಿದ್ಯುತ್ ಪಂಪಿನ ಕಡೆಗೆ. ಯಾಕೆ?

ಅದನ್ನು ಬರೀ ಆಡಂಬರ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದೊಡ್ಡ ಸಲಕರಣೆಯ ಆಸೆಯಲ್ಲಿ ಒಂದು ಕನಸಿದೆ. ಅದನ್ನು ಕೊಂಡವನು ನಾಳೆ ದೊಡ್ಡ ಕೆಲಸ ಮಾಡುವವನಾಗುತ್ತಾನೆ ಎಂಬ ಕನಸು. ನಾವು ಪಂಪು ಕೊಳ್ಳುವುದಿಲ್ಲ, ಎಲ್ಲವನ್ನೂ ಮಾಡಬಲ್ಲ ಒಬ್ಬ ಮನುಷ್ಯನನ್ನು ಕೊಳ್ಳುತ್ತೇವೆ, ಆ ಮನುಷ್ಯ ನಾವೇ ಆಗಲೆಂದು ಹಾರೈಸುತ್ತೇವೆ. ಓದದ ಪುಸ್ತಕಗಳನ್ನು ಕಪಾಟಿನಲ್ಲಿ ತುಂಬಿಕೊಂಡ ನಮ್ಮಂಥವರಿಗೆ ಈ ಹಾರೈಕೆ ಹೊಸದಲ್ಲ. ಆದರೆ ಪುಸ್ತಕ ಹತ್ತು ವರ್ಷ ಕಾದಾದರೂ ಓದಿಸಿಕೊಳ್ಳುತ್ತದೆ. ಬಳಸದ ಪಂಪಿನ ರಬ್ಬರು ಒಣಗಿ ಬಿರಿಯುತ್ತದೆ.

ಹಾಗೆಂದು ಸಣ್ಣದೇ ಯಾವಾಗಲೂ ಒಳ್ಳೆಯದೂ ಅಲ್ಲ. ಕಿತ್ತೂರಿನ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದಿನ ಹೌಸಿಂಗು ಹತ್ತಾರು ಲೀಟರ್ ಎಣ್ಣೆ ಹಿಡಿಯುತ್ತದೆ. ಆ ಟ್ರ್ಯಾಕ್ಟರಿನವನಿಗೆ ಎಣ್ಣೆ ಸಾಗಿಸುವ ಕೆಲಸ ಬಂದಾಗ ಪಿಚಕಾರಿ ಹಿಡಿದು ಕೂತರೆ ಅದು ಸರಳತೆಯಲ್ಲ, ಹುಡುಗಾಟ. ಅವನಿಗೆ ಹಿಡಿಕೆಯ ಪಂಪು ತಕ್ಕದ್ದು. ‘ಸಾಕು’ ಎನ್ನುವುದು ಬಡತನದ ಮಾತೂ ಅಲ್ಲ, ವ್ರತದ ಮಾತೂ ಅಲ್ಲ. ಅದು ಕೆಲಸದ ಅಳತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಕಾಲಿಗೆ ಹೇಳುತ್ತೇವೆ; ಸಲಕರಣೆಯ ವಿಷಯದಲ್ಲಿ ಅದನ್ನು ತಿರುಗಿಸಿ ಹಾಸಿಗೆಗೆ ಹೇಳಬೇಕು. ಕಾಲು ಇದ್ದಷ್ಟು ಹಾಸಿಗೆ ಹಾಸು.

ಗೇರ್‌ಬಾಕ್ಸಿನ ಪಕ್ಕೆಯ ತೂತು ಈ ಪಾಠವನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಅದು ಎಣ್ಣೆ ತುಂಬುವ ಬಾಯಿ ಮಾತ್ರವಲ್ಲ, ಅಳತೆಯ ಗೆರೆಯೂ ಹೌದು. ಎಣ್ಣೆ ಒಳಗೆ ಏರುತ್ತ ಏರುತ್ತ ತೂತಿನ ಕೆಳ ಅಂಚಿಗೆ ಬಂದು, ಸಣ್ಣ ಧಾರೆಯಾಗಿ ಹೊರಕ್ಕೆ ಇಳಿಯತೊಡಗಿದರೆ ಒಳಗೆ ತುಂಬಿದೆ ಎಂದು ಅರ್ಥ. ಹೆಚ್ಚಾದದ್ದು ತಾನಾಗಿ ಹೊರಗೆ ಬರುತ್ತದೆ. ಬಲವಂತದಿಂದ ಹೆಚ್ಚು ತುರುಕಿದರೆ ಹಲ್ಲುಗಾಲಿಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ, ಬಿಸಿ ಏರುತ್ತದೆ, ಸೀಲು ಒಡೆದು ಸೋರುತ್ತದೆ. ಕಡಿಮೆಯಾದರೆ ಸವೆತ, ಹೆಚ್ಚಾದರೆ ಸೋರಿಕೆ. ಎಷ್ಟು ಸಾಕು ಎಂಬುದನ್ನು ತುಂಬುವವನ ಆಸೆಗೆ ಬಿಡದೆ ತುಂಬಿಸಿಕೊಳ್ಳುವ ವಸ್ತುವಿನ ಮೈಯಲ್ಲೇ ಬರೆದಿಟ್ಟ ವ್ಯವಸ್ಥೆ ಇದು.

ಇದನ್ನು ನೋಡುವಾಗಲೆಲ್ಲ ನನಗೆ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಅವಳ ಗಂಡ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಇದು ಅತಿಯಾಸೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು ಎನ್ನುವುದು ಎಲ್ಲರೂ ಕೇಳಿದ ಕಥೆ. ನಾವು ಈ ಕಥೆಯಲ್ಲಿ ಸಾಮಾನ್ಯವಾಗಿ ಮೊದಲ ಅರ್ಧವನ್ನು ಮಾತ್ರ ಹಿಡಿಯುತ್ತೇವೆ. ಸಾಕು ಎಂದಳು, ಎಂಥ ನಿರಾಸೆ ಎಂದು ಕೈಮುಗಿಯುತ್ತೇವೆ. ಎರಡನೆಯ ಅರ್ಧ ಅಷ್ಟೇ ದೊಡ್ಡದು. ಅವಳು ಹೆಚ್ಚಿನ ಅಕ್ಕಿಯನ್ನು ಹಿತ್ತಲಿಗೆ ಎಸೆಯಲು ಹೇಳಲಿಲ್ಲ. ಅದು ಸಲ್ಲಬೇಕಾದ ಜಾಗಕ್ಕೆ ಮರಳಿ ಹೋಗಬೇಕು, ಅದಕ್ಕಾಗಿ ಮಾರಯ್ಯ ಮತ್ತೊಂದು ಸಲ ಅಷ್ಟು ದೂರ ನಡೆಯಬೇಕು ಎಂದಳು. ಸಾಕು ಎನ್ನುವುದಕ್ಕೆ ನಾಲಗೆ ಸಾಕು. ಮರಳಿಸುವುದಕ್ಕೆ ಕಾಲು ಬೇಕು.

ಈ ಎರಡನೆಯ ಅರ್ಧದ ಮಾತಿಗೆ ಬರುವ ಮುನ್ನ ಕೂಲಿಯ ಪ್ರಶ್ನೆ ಬಿಡಿಸಬೇಕು. ಸವದತ್ತಿ ರಸ್ತೆಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಯಾವ ಪಂಪು ತಗೊಳ್ಳಲಿ ಎಂದು ಅವರನ್ನೇ ಕೇಳಿದೆ.

“ಪಂಪ್ ಯಾವ್ದರ ತಗೋ ತಮ್ಮಾ, ಅದೇನ್ ದೊಡ್ಡ ಮಾತಲ್ಲ. ಮೊದ್ಲ ಮ್ಯಾಗಿನ ಬೋಲ್ಟ್ ಬಿಚ್ಚು. ಅದು ಬಿಚ್ಚಿದ ಮ್ಯಾಲ ತೆಳಗಿಂದು ಬಿಚ್ಚು.”

“ಯಾಕ ಕಾಕಾ?”

“ತೆಳಗಿಂದು ಬಿಚ್ಚಿ ಎಣ್ಣಿ ಎಲ್ಲಾ ಬಸದ ಮ್ಯಾಲ ಮ್ಯಾಗಿಂದು ಜಾಮ್ ಆಗೇತಿ ಅಂದ್ರ ಏನ್ ಮಾಡ್ತಿ? ಗಾಡಿ ಹೊಂಡೂದಿಲ್ಲ, ಎಣ್ಣಿ ಹೋಗೂದಿಲ್ಲ.”

ತುಂಬುವ ದಾರಿ ತೆರೆದಿದೆ ಎಂದು ಖಾತ್ರಿಯಾಗದೆ ಖಾಲಿ ಮಾಡಬೇಡ. ಇದನ್ನು ಅವರು ತತ್ವವೆಂದು ಹೇಳಲಿಲ್ಲ, ಕೆಲಸದ ಕ್ರಮವೆಂದು ಹೇಳಿದರು. ಹಾಗೆಯೇ ಇನ್ನೆರಡು ಮಾತು ಸೇರಿಸಿದರು. ಗಾಡಿ ಸಮನೆಲದ ಮೇಲೆ ನಿಲ್ಲಬೇಕು. ವಾಲಿ ನಿಂತ ಗಾಡಿಯಲ್ಲಿ ತೂತು ಹೇಳುವ ಅಳತೆ ಸುಳ್ಳು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತೂರಬಾರದು. ಗಟ್ಟಿ ಸ್ಟ್ಯಾಂಡು ಕೊಟ್ಟೇ ಮಲಗಬೇಕು. ಇಷ್ಟನ್ನೂ ಒಂದು ಪೈಸೆ ತೆಗೆದುಕೊಳ್ಳದೆ ಹೇಳಿದರು. ಅವರ ಬಾಯಿಂದ ಕಲಿತು, ಅವರಿಗೆ ಕೊಡಬೇಕಾದ ಕೂಲಿಯನ್ನು ನಾನೇ ಉಳಿಸಿಕೊಳ್ಳುವುದು ಸರಿಯೇ?

ಇದಕ್ಕೆ ಸುಲಭದ ಉತ್ತರ ಎರಡಿವೆ, ಎರಡೂ ನನಗೆ ಸಾಲವು. ಮೊದಲನೆಯದು, ತನ್ನ ಕೆಲಸ ತಾನು ಮಾಡಿಕೊಳ್ಳುವುದೇ ಕಾಯಕ ಎನ್ನುವುದು. ಕಾಯಕದ ಮಾತು ಹುಟ್ಟಿದ ಶರಣರ ಲೋಕದಲ್ಲಿ ಒಬ್ಬ ಅಂಬಿಗ, ಒಬ್ಬ ಮಡಿವಾಳ, ಒಬ್ಬ ಸಮಗಾರ ಇದ್ದರು. ಎಲ್ಲರೂ ಎಲ್ಲವನ್ನೂ ಮಾಡಿಕೊಳ್ಳಲಿಲ್ಲ. ಒಬ್ಬರ ಕಾಯಕ ಇನ್ನೊಬ್ಬರಿಗೆ ಸಲ್ಲುತ್ತಿತ್ತು, ಅದರ ಫಲ ದಾಸೋಹಕ್ಕೆ ಸೇರುತ್ತಿತ್ತು. ಒಂಟಿಯಾಗಿ ಎಲ್ಲವನ್ನೂ ಮಾಡಿಕೊಳ್ಳುವವನು ಕಾಯಕವಂತ ಎನ್ನುವುದು ಆ ಮಾತನ್ನು ಅರ್ಧ ಓದಿದಂತೆ. ಎರಡನೆಯ ಉತ್ತರ, ದುಡ್ಡಿದ್ದವನು ಕೂಲಿ ಕೊಟ್ಟು ಮಾಡಿಸುವುದೇ ಧರ್ಮ, ಇನ್ನೊಬ್ಬರ ಅನ್ನಕ್ಕೆ ಕೈಹಾಕಬಾರದು ಎನ್ನುವುದು. ಇದನ್ನು ಕೊನೆಯವರೆಗೆ ಎಳೆದರೆ ಮನೆಯಲ್ಲಿ ಅಡುಗೆಯನ್ನೂ ಮಾಡಬಾರದು, ಖಾನಾವಳಿಯವರು ಉಪವಾಸ ಬೀಳುತ್ತಾರೆ.

ನನಗೆ ತೋಚುವ ಉತ್ತರ ಇಷ್ಟು. ತನ್ನ ಕೈಯಿಂದ ಒಮ್ಮೆ ಮಾಡಿದವನು ಆ ಕೆಲಸದ ಬೆಲೆ ತಿಳಿಯುತ್ತಾನೆ. ಬೆನ್ನ ಕೆಳಗೆ ಗೋಣಿ ಹಾಸಿಕೊಂಡು, ಕಣ್ಣ ಮೇಲೆ ಮಣ್ಣು ಉದುರಿಸಿಕೊಂಡು, ತುಕ್ಕು ಹಿಡಿದ ಬೋಲ್ಟನ್ನು ತಿರುವಿದವನು ಮುಂದೆ ಗ್ಯಾರೇಜಿನಲ್ಲಿ ಐವತ್ತು ರೂಪಾಯಿಗೆ ಚೌಕಾಶಿ ಮಾಡಲಾರ. ಆದರೆ ಉಳಿಸಿದ ಕೂಲಿಯ ಜೊತೆಗೆ ಮೆಕ್ಯಾನಿಕ್ ಹೊರುತ್ತಿದ್ದ ಹೊರೆಯೂ ತನ್ನ ಹೆಗಲಿಗೆ ಬಂತೆಂದು ಅವನು ತಿಳಿಯಬೇಕು. ಆ ಹೊರೆ ಯಾವುದು ಎಂಬುದನ್ನು ಪಂಪು ಮಾರುವವರು ಹೇಳುವುದಿಲ್ಲ. ಅದು ಗ್ಯಾರೇಜಿನ ಮೂಲೆಯಲ್ಲಿ ನಿಂತ, ಕಪ್ಪಡರಿದ, ಯಾರೂ ಎರಡನೆಯ ಸಲ ನೋಡದ ಬ್ಯಾರಲ್ಲು. ನಾವು ಕೊಡುತ್ತಿದ್ದ ಕೂಲಿಯ ಒಳಗೆ ಆ ಬ್ಯಾರಲ್ಲಿನ ಬೆಲೆಯೂ ಸೇರಿತ್ತು. ಮನೆಯಲ್ಲಿ ಪಂಪಿದೆ, ಬ್ಯಾರಲ್ಲಿಲ್ಲ.

ಮೂರನೆಯ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಹೊಸ ಎಣ್ಣೆ ಎರಡು ಲೀಟರ್ ಒಳಗೆ ಹೋಗಬೇಕಾದರೆ ಹಳೆಯ ಎಣ್ಣೆ ಹೆಚ್ಚುಕಡಿಮೆ ಎರಡು ಲೀಟರ್ ಹೊರಗೆ ಬಂದಿರಬೇಕು. ಸ್ವಲ್ಪ ದೂರ ಓಡಿಸಿ ಗಾಡಿ ಬೆಚ್ಚಗಿರುವಾಗ ಕೆಳಗಿನ ಬೋಲ್ಟು ಬಿಚ್ಚಿದರೆ ಅದು ಕಪ್ಪಗೆ ಬಸಿಯುತ್ತದೆ. ಕೆಲವು ಬೋಲ್ಟುಗಳ ತುದಿಯಲ್ಲಿ ಆಯಸ್ಕಾಂತವಿರುತ್ತದೆ. ಅದಕ್ಕೆ ಬೂದಿಯಂಥ ಕಬ್ಬಿಣದ ಪುಡಿ ಅಂಟಿರುತ್ತದೆ. ಹಲ್ಲುಗಾಲಿಗಳು ಇಷ್ಟು ವರ್ಷ ಸವೆದ ಲೆಕ್ಕ ಅದು. ಈ ಎಣ್ಣೆಯನ್ನು ಏನು ಮಾಡುವುದು?

ನಮ್ಮ ಊರುಗಳಲ್ಲಿ ಹಳೆಯ ಎಣ್ಣೆಗೆ ಗಿರಾಕಿಗಳಿಗೆ ಬರವಿಲ್ಲ. ಬೇಲಿಯ ಗೂಟಕ್ಕೆ ಗೆದ್ದಲು ಹತ್ತದಿರಲೆಂದು ಬಳಿಯುತ್ತಾರೆ. ಮನೆ ಕಟ್ಟುವಾಗ ಸೆಂಟ್ರಿಂಗ್ ಹಲಗೆಗೆ ಸಿಮೆಂಟು ಅಂಟದಿರಲೆಂದು ಸವರುತ್ತಾರೆ. ಉಳವಿಯ ಜಾತ್ರೆಗೆ, ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆಯಾಗಿ ಹಾಕುವವರೂ ಇದ್ದಾರೆ. ಏನೂ ಹಾಳಾಗಬಾರದು ಎಂಬ ಹಳ್ಳಿಯ ಬುದ್ಧಿ ಇದರ ಹಿಂದಿದೆ, ಅದಕ್ಕೆ ನನ್ನ ಗೌರವವಿದೆ. ಆದರೆ ಹಳೆಯ ಕೀಲೆಣ್ಣೆಯ ಕಾಲದಲ್ಲಿ ಎಣ್ಣೆ ಹರಳಿನದೋ ಹೊಂಗೆಯದೋ ಆಗಿರುತ್ತಿತ್ತು. ನೆಲಕ್ಕೆ ಬಿದ್ದರೆ ನೆಲ ಅದನ್ನು ಅರಗಿಸಿಕೊಳ್ಳುತ್ತಿತ್ತು. ಇದು ಆ ಎಣ್ಣೆಯಲ್ಲ. ಗೂಟಕ್ಕೆ ಬಳಿದದ್ದು ಮಳೆಗೆ ತೊಳೆದು ಎರೆಮಣ್ಣಿಗೆ ಇಳಿಯುತ್ತದೆ, ಲೋಹದ ಪುಡಿಯ ಸಮೇತ. ಬುದ್ಧಿ ಹಳೆಯದೇ ಉಳಿಯಿತು, ವಸ್ತು ಬದಲಾಯಿತು.

ಇದಕ್ಕಿಂತ ಕೆಟ್ಟದ್ದು ಗಟಾರ. ಎರಡು ಲೀಟರ್ ಕಪ್ಪು ಎಣ್ಣೆಯನ್ನು ರಾತ್ರಿ ಹೊತ್ತು ಗಟಾರಕ್ಕೆ ಸುರಿದರೆ ಬೆಳಗಾಗುವುದರೊಳಗೆ ಕಾಣೆಯಾಗುತ್ತದೆ. ಕಾಣೆಯಾದದ್ದು ಇಲ್ಲವಾಯಿತೇ? ನಮ್ಮ ಸೀಮೆಯ ನಕ್ಷೆ ತೆಗೆದು ನೋಡಿದರೆ ಉತ್ತರ ಸಿಗುತ್ತದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಿತ್ತೂರಿನ ಸಮೀಪದ ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳವನ್ನು ಬಳಸಿಕೊಂಡು ಬರುತ್ತಾಳೆ. ಬೈಲಹೊಂಗಲ ತಾಲೂಕಿನಲ್ಲಿ ರಾಯಣ್ಣನ ಸಂಗೊಳ್ಳಿಯ ಕಡೆಯಿಂದ ಹಾಯ್ದು, ಸವದತ್ತಿ ತಾಲೂಕಿನ ನವಿಲುತೀರ್ಥದ ಅಣೆಕಟ್ಟಿನ ಹಿಂದೆ ರೇಣುಕಾಸಾಗರವಾಗಿ ನಿಲ್ಲುತ್ತಾಳೆ. ಅಲ್ಲಿಂದ ರಾಮದುರ್ಗದ ಮಗ್ಗುಲಲ್ಲಿ ಹರಿದು, ಪಟ್ಟದಕಲ್ಲು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ನಮ್ಮ ನಾಲ್ಕು ತಾಲೂಕುಗಳು ಒಂದೇ ದಾರದಲ್ಲಿ ಪೋಣಿಸಿದ ಮಣಿಗಳು. ದಾರದ ಹೆಸರು ಮಲಪ್ರಭೆ.

ಕಿತ್ತೂರಿನ ಹಳ್ಳಕ್ಕೆ ಬಿದ್ದದ್ದು ಸವದತ್ತಿಯ ಹಿನ್ನೀರಿಗೆ ಹೋಗಬಲ್ಲದು. ಆ ಹಿನ್ನೀರನ್ನೇ ಹುಬ್ಬಳ್ಳಿ-ಧಾರವಾಡದ ಮಂದಿ ಕುಡಿಯುತ್ತಾರೆ. ಸವದತ್ತಿಯ ಕೆಳಗೆ ಬಿದ್ದದ್ದು ರಾಮದುರ್ಗದ ದಂಡೆಗೆ ಬರುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಮನೆಗಳಿಗೆ ನುಗ್ಗಿದಾಗ ಮೇಲಿನ ಊರುಗಳ ನೀರು ತಮ್ಮ ಅಡುಗೆಮನೆಗೆ ಬರುತ್ತದೆ ಎಂಬುದನ್ನು ಅಲ್ಲಿಯ ಜನ ಕಣ್ಣಾರೆ ಕಂಡರು. ಪ್ರವಾಹದ ದಿನ ಕಣ್ಣಿಗೆ ಕಂಡ ಸತ್ಯ ಉಳಿದ ದಿನಗಳಲ್ಲೂ ಸತ್ಯವೇ. ನನ್ನ ಮನೆಯ ಮುಂದಿನ ಗಟಾರಕ್ಕೆ ‘ಆಚೆ’ ಎಂಬುದಿಲ್ಲ. ನಾನು ಆಚೆ ಎನ್ನುವುದು ಕೆಳಗಿನ ಊರಿನವರ ‘ಈಚೆ’.

ಪಂಪಿನ ಗುಣ ಇಲ್ಲಿ ಬಯಲಾಗುತ್ತದೆ. ಪಂಪು ಏನನ್ನೂ ಹುಟ್ಟಿಸುವುದಿಲ್ಲ, ಏನನ್ನೂ ಇಲ್ಲವಾಗಿಸುವುದಿಲ್ಲ. ಒಂದು ಕಡೆ ಇದ್ದದ್ದನ್ನು ಇನ್ನೊಂದು ಕಡೆಗೆ ಸಾಗಿಸುತ್ತದೆ. ಎಲ್ಲಿಗೆ ಎಂದು ಅದು ಕೇಳುವುದಿಲ್ಲ. ಕೇಳಬೇಕಾದವನು ಹಿಡಿಕೆ ಹಿಡಿದವನು. ನಮ್ಮ ಕಾಲದ ಬಹುಪಾಲು ಸಲಕರಣೆಗಳ ಸ್ವಭಾವ ಇದೇ ಇರಬಹುದು. ಹೇಗೆ ಎಂಬ ಪ್ರಶ್ನೆಗೆ ಅವು ದಿನದಿನಕ್ಕೆ ಚೆನ್ನಾಗಿ ಉತ್ತರಿಸುತ್ತಿವೆ. ಎಲ್ಲಿಗೆ ಎಂಬ ಪ್ರಶ್ನೆಯನ್ನು ನಮಗೇ ಬಿಟ್ಟಿವೆ. ಮೊದಲನೆಯದರ ಉತ್ತರ ಸೊಗಸಾದಷ್ಟೂ ಎರಡನೆಯದನ್ನು ಮರೆಯುವುದು ಸಲೀಸು.

ಕಾನೂನು ಈ ಪ್ರಶ್ನೆಯನ್ನು ಮರೆತಿಲ್ಲ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಎಣ್ಣೆ ತಯಾರಿಸಿ ಮಾರುವವರೇ ಹಳೆಯ ಎಣ್ಣೆಯ ಮರುಬಳಕೆಗೂ ಹೊಣೆಗಾರರು ಎಂಬ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಹಳೆಯ ಎಣ್ಣೆಯನ್ನು ಶುದ್ಧೀಕರಿಸಿ ಮತ್ತೆ ಎಣ್ಣೆಯಾಗಿಸಬಹುದು; ಎಣ್ಣೆ ಸವೆಯುವುದಕ್ಕಿಂತ ಕೊಳೆಯಾಗುವುದೇ ಹೆಚ್ಚು. ಆದರೆ ಈ ಸರಪಳಿಯ ಮೊದಲ ಕೊಂಡಿ ಕಾರ್ಖಾನೆಯಲ್ಲಿಲ್ಲ, ನಮ್ಮ ಅಂಗಳದಲ್ಲಿದೆ. ಬಸಿದ ಎಣ್ಣೆ ಅಗಲ ಬೋಗುಣಿಗೆ ಬಿದ್ದು, ಬೋಗುಣಿಯಿಂದ ಮುಚ್ಚಳವಿರುವ ಡಬ್ಬಿಗೆ ಹೋಗಿ, ಡಬ್ಬಿ ಗ್ಯಾರೇಜಿನ ಬ್ಯಾರಲ್ಲಿಗೆ ತಲುಪಿದರೆ ಮಾತ್ರ ಕಾನೂನಿಗೆ ಕೆಲಸವಿದೆ. ಗಟಾರಕ್ಕೆ ಹೋದದ್ದನ್ನು ಯಾವ ನಿಯಮವೂ ಹೆಕ್ಕಿ ತರಲಾರದು.

ಹೊಸ ಎಣ್ಣೆ ಬಂದ ಡಬ್ಬಿಯೇ ಹಳೆಯದಕ್ಕೆ ಸರಿಯಾದ ಮನೆ. ಕುಡಿಯುವ ನೀರಿನ ಬಾಟಲಿಗೋ ಅಡುಗೆ ಎಣ್ಣೆಯ ಡಬ್ಬಿಗೋ ತುಂಬಿಟ್ಟರೆ ಮಕ್ಕಳಿರುವ ಮನೆಯಲ್ಲಿ ಅದು ವಿಷ ಬಡಿಸಲು ಎಲೆ ಹಾಕಿದಂತೆ. ಪೈಪನ್ನು ಬಾಯಿಂದ ಎಳೆದು ಎಣ್ಣೆಯೋ ಡೀಸೆಲ್ಲೋ ತೆಗೆಯುವ ರೂಢಿಯನ್ನಂತೂ ಬಿಡಲೇಬೇಕು. ಹನಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಕುತ್ತು. ಗೇರ್ ಎಣ್ಣೆಯ ಪಂಪನ್ನು ಬ್ರೇಕಿನ ಎಣ್ಣೆಗೆ ಬಳಸಬಾರದು, ಖನಿಜ ಎಣ್ಣೆಯ ಒಂದಿಷ್ಟು ಪಸೆಯೂ ಬ್ರೇಕಿನ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಬೆಳೆಗೆ ಔಷಧಿ ಹೊಡೆಯುವ ಪಂಪನ್ನು ಈ ಕೆಲಸಕ್ಕೆ ತರುವುದೂ ಬೇಡ. ಒಂದು ಪಂಪಿಗೆ ಒಂದೇ ಕಾಯಕ.

ಆದರೆ ಒಂದು ಕಾಯಕದ ಪಂಪಿಗೆ ಒಬ್ಬನೇ ಒಡೆಯ ಇರಬೇಕೆಂದಿಲ್ಲ. ಎರಡು ವರ್ಷಕ್ಕೊಮ್ಮೆ ಒಂದು ತಾಸು ದುಡಿಯುವ ವಸ್ತು ಓಣಿಯ ಹತ್ತು ಮನೆಗೆ ಹತ್ತು ಬೇಕೇ? ಬಿತ್ತಿಗೆ, ರಾಶಿಗೆ ಮುಯ್ಯಾಳು ಹೋಗುತ್ತಿದ್ದ ಸೀಮೆ ನಮ್ಮದು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಆ ಲೆಕ್ಕದಲ್ಲಿ ಓಣಿಗೊಂದು ಒಳ್ಳೆಯ ಪಂಪು, ಒಂದು ಅಗಲ ಬೋಗುಣಿ, ಹಳೆಯ ಎಣ್ಣೆಗೆ ಒಂದು ದೊಡ್ಡ ಕ್ಯಾನು ಇದ್ದರೆ ಎಲ್ಲರಿಗೂ ಆಯಿತು. ಹಂಚಿಕೊಂಡ ಸಲಕರಣೆ ಬೇಗ ಕೆಡುತ್ತದೆ, ಯಾರೂ ತೊಳೆದಿಡುವುದಿಲ್ಲ ಎನ್ನುವ ಆಕ್ಷೇಪಣೆ ನಿಜ. ಅದಕ್ಕೂ ಮುಯ್ಯಿಯ ನಿಯಮವೇ ಮದ್ದು. ತೊಳೆಯದೆ ಮರಳಿಸಿದವನಿಗೆ ಮುಂದಿನ ಸಲ ಸಿಗುವುದಿಲ್ಲ. ಜೊತೆಗೆ ಒಂದು ಲಾಭವೂ ಉಂಟು. ಹತ್ತು ಮನೆಯವರ ಕಣ್ಣಿಗೆ ಬೀಳುವ ಕ್ಯಾನನ್ನು ಗಟಾರಕ್ಕೆ ಬಗ್ಗಿಸಲು ಯಾವ ಕೈಯೂ ಸುಲಭಕ್ಕೆ ಏಳುವುದಿಲ್ಲ.

ಇಷ್ಟೆಲ್ಲ ಯೋಚಿಸಿದ ಮೇಲೆ ನಾನು ಆರಿಸಿದ್ದು ಅರ್ಧ ಲೀಟರಿನ ಪಿಚಕಾರಿ. ಅದಕ್ಕೆ ಕಾರಣ ಅದು ಅಗ್ಗ ಎನ್ನುವುದಷ್ಟೇ ಆಗಿರಲಿಲ್ಲ. ಅದರ ಪೈಪಿನ ತೂತು ಅಗಲವಿತ್ತು, ಬಿಚ್ಚಿ ಒರೆಸಬಹುದಿತ್ತು, ರಬ್ಬರಿನ ಉಂಗುರ ಕೆಟ್ಟರೆ ಹೊಸದು ಹಾಕಬಹುದಿತ್ತು. ಮುಖ್ಯವಾಗಿ, ಅದು ಎರಡೂ ಕಡೆ ಕೆಲಸ ಮಾಡುತ್ತದೆ. ಹೊಸದನ್ನು ಒಳಗೆ ಹಾಕಿದ ಅದೇ ಪಿಚಕಾರಿ ಬೋಗುಣಿಯಲ್ಲಿ ಬಿದ್ದ ಹಳೆಯದನ್ನು ಚೆಲ್ಲದಂತೆ ಎತ್ತಿ ಡಬ್ಬಿಗೆ ತುಂಬುತ್ತದೆ. ಕೊಡಲು ಮಾತ್ರ ಬರುವ, ಮರಳಿ ಎತ್ತಿಕೊಳ್ಳಲು ಬಾರದ ಪಂಪು ಎಷ್ಟೇ ವೇಗದ್ದಾದರೂ ಅರ್ಧ ಸಲಕರಣೆ. ಟ್ರ್ಯಾಕ್ಟರು ಇಟ್ಟವರು ಇದೇ ಗುಣಗಳನ್ನು ಹಿಡಿಕೆಯ ಪಂಪಿನಲ್ಲಿ ಹುಡುಕಲಿ.

ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳ ಸಾಲಿಗೆ ಇನ್ನೊಂದನ್ನು ಸೇರಿಸಿಕೊಳ್ಳಲಿ ಎಂದು ನನ್ನ ಬಿನ್ನಹ. ಪೈಪು ಎಷ್ಟು ಅಗಲ, ಲೀಟರಿಗೆ ಎಷ್ಟು ಸಲ ಒತ್ತಬೇಕು, ರಬ್ಬರು ಎಣ್ಣೆ ತಡೆಯುತ್ತದೆಯೇ ಎಂದು ಕೇಳಿದ ಮೇಲೆ, “ಹಳೇ ಆಯಿಲ್ ತಗೋತೀರೇನ್ರಿ?” ಎಂದೂ ಕೇಳಬೇಕು. ಹತ್ತು ಜನ ಕೇಳಿದರೆ ಹನ್ನೊಂದನೆಯವನು ಬರುವಷ್ಟರಲ್ಲಿ ಅಂಗಡಿಯ ಮೂಲೆಯಲ್ಲೂ ಒಂದು ಬ್ಯಾರಲ್ಲು ಬಂದಿರಬಹುದು. ಅಲ್ಲಿಯವರೆಗೆ ಸವದತ್ತಿ ರಸ್ತೆಯ ಕಾಕಾನ ಗ್ಯಾರೇಜಿಗೆ ಡಬ್ಬಿ ಹಿಡಿದುಕೊಂಡು ನಡೆಯುವುದು ನನ್ನ ಪಾಲಿನ ಕೆಲಸ. ಅವರು ಅದನ್ನು ಬ್ಯಾರಲ್ಲಿಗೆ ಸುರಿದು, ತುಂಬಿದಾಗ ಹಳೆಯ ಎಣ್ಣೆ ಒಯ್ಯುವವರಿಗೆ ಮಾರಿಕೊಳ್ಳುತ್ತಾರೆ. ಕೂಲಿ ತಪ್ಪಿಸಿದವನಿಂದ ಅವರಿಗೆ ಬರುವುದು ಅಷ್ಟೇ. ಅದರ ಜೊತೆಗೆ ಒಂದು ಚಹಾ ನಾನು ಕುಡಿಸುತ್ತೇನೆ, ಕುಡಿಯುತ್ತ ಮುಂದಿನ ಕೆಲಸದ ಬಗ್ಗೆ ಅವರು ಇನ್ನೊಂದು ಮಾತು ಹೇಳಿಕೊಡುತ್ತಾರೆ.